ಕ್ಯಾಬರೆಗೆ ಹೋಗ್ತೀವಿ ಅಂದಿದ್ದಕ್ಕೆ ಅಮ್ಮ ಫೋನ್ ಇಟ್ಟುಬಿಟ್ಟರು (ನ್ಯೂಯಾರ್ಕ್ ಕಡೆಯವರು ಬನ್ನಿ)

ಜರ್ಸಿ_ಜವಾರಿ
ಕಳೆದ ಭಾನುವಾರ ಅಮ್ಮನ ಜೊತೆ ಮಾತಾಡುತ್ತಾ ಬಾಯಿ ತಪ್ಪಿ ಹೇಳಿಬಿಟ್ಟೆ, "ನಾಳೆ ಸಂಜೆ ನಾವಿಬ್ಬರೂ ಕ್ಯಾಬರೆ ನೋಡೋಕೆ ಹೋಗ್ತಿದ್ದೀವಿ" ಅಂತ. ಆ ಕಡೆ ಸದ್ದೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ "ಅವಳನ್ನೂ ಕರ್ಕೊಂಡು ಹೋಗ್ತೀಯೇನೋ?" ಅಂತ ಕೇಳಿ ಇಟ್ಟುಬಿಟ್ಟರು. ಹತ್ತು ನಿಮಿಷಕ್ಕೆ ಅಪ್ಪನ ಮೆಸೇಜ್ ಬಂತು: "ಎಲ್ಲ ಸರಿ ಇದೆ ತಾನೆ?"

ನಾವು ಹೋಗಿದ್ದು ಮ್ಯಾನ್‌ಹಟನ್ನಿನ 54ನೇ ಬೀದಿಯ ಒಂದು ನೆಲಮಾಳಿಗೆಗೆ. ಫಿಫ್ಟಿಫೋರ್ ಬಿಲೋ ಅಂತ ಹೆಸರು. ಅದರ ಮೇಲೆ ಇರೋದು ಸ್ಟುಡಿಯೋ 54. ಒಂದು ಕಾಲದಲ್ಲಿ ಊರಿಗೆಲ್ಲ ಹೆಸರಾಗಿದ್ದ ಡಿಸ್ಕೋ, ಈಗ ನಾಟಕದ ಥಿಯೇಟರ್. ಮೆಟ್ಟಿಲಿಳಿದು ಹೋದರೆ ನೂರೈವತ್ತು ಜನ ಹಿಡಿಸುವ ಕೋಣೆ, ಚಿಕ್ಕ ಚಿಕ್ಕ ಮೇಜು, ಮಂದ ದೀಪ. ವೇದಿಕೆ ಮೇಲೆ ಒಂದು ಪಿಯಾನೋ, ಬಾಸ್, ಡ್ರಮ್ಸ್. ಅಷ್ಟೇ.

ಹಾಡಿದವರು ಐವತ್ತರ ಆಸುಪಾಸಿನ ಹೆಂಗಸು. ಕರಿ ಸೀರೆಯಂಥ ಉದ್ದ ಗೌನು, ಕುಣಿತ ಗಿಣಿತ ಏನೂ ಇಲ್ಲ. ಬ್ರಾಡ್‌ವೇ (ಇಲ್ಲಿನ ದೊಡ್ಡ ನಾಟಕರಂಗ) ನಾಟಕಗಳಲ್ಲಿ ಹಿಂದಿನ ಸಾಲಿನಲ್ಲಿ ಇಪ್ಪತ್ತು ವರ್ಷ ನಿಂತವರಂತೆ. ಜೊತೆಗೆ ಅಂಡರ್‌ಸ್ಟಡಿ ಕೆಲಸ, ಅಂದರೆ ಮುಖ್ಯ ನಟಿಗೆ ಹುಷಾರು ತಪ್ಪಿದರೆ ಮಾತ್ರ ಆ ಪಾತ್ರ ಇವರದ್ದು. "ಎರಡು ವರ್ಷ ಕಾದೆ, ಪುಣ್ಯಾತ್ಗಿತ್ತಿ ಒಂದು ದಿನ ಕೆಮ್ಮಲೂ ಇಲ್ಲ" ಅಂದರು. ಹಾಗೆ ಕಲಿತು, ಕಾದು, ಒಮ್ಮೆಯೂ ಹಾಡಲು ಸಿಗದ ಹಾಡುಗಳನ್ನೇ ಹುಡುಕಿ ಒಂದು ಗಂಟೆಯ ಶೋ ಮಾಡಿದ್ದರು. ಕೊನೆಯ ಹಾಡಿಗೆ ಮೈಕ್ ಪಕ್ಕಕ್ಕಿಟ್ಟು ಬರೀ ಗಂಟಲಲ್ಲಿ ಹಾಡಿದರು. ನನ್ನ ಹೆಂಡತಿ ಟಿಶ್ಯೂ ಹುಡುಕುತ್ತಿದ್ದಳು. ನಾನು ಹುಡುಕುತ್ತಿರಲಿಲ್ಲ ಅಂತ ಹೇಳಲ್ಲ.

ಈಗ ಪ್ರಶ್ನೆ. ಇಂಥದ್ದಕ್ಕೆ ಯಾಕಪ್ಪಾ ಕ್ಯಾಬರೆ ಅಂತ ಹೆಸರು? ಅಮ್ಮನಿಗೆ ಏನಂತ ಹೇಳಲಿ? ಮತ್ತೆ ಇಂಥ ಬೇರೆ ಜಾಗ ಗೊತ್ತಿದ್ದರೆ ತಿಳಿಸಿ.

ಹಳೇ_ಮೆಜೆಸ್ಟಿಕ್
ತಮ್ಮಾ, ನಿನ್ನ ಅಮ್ಮನ ತಪ್ಪೇನಿಲ್ಲ. ನಮ್ಮ ಕಾಲದವರಿಗೆ ಕ್ಯಾಬರೆ ಅಂದರೆ ಒಂದೇ ಚಿತ್ರ. ಖಳನಾಯಕನ ಅಡ್ಡೆ, ಸುತ್ತ ತಿರುಗುವ ಬಣ್ಣದ ದೀಪ, ಗರಿ ಸಿಕ್ಕಿಸಿಕೊಂಡ ಹೆಲನ್, ಇಲ್ಲವೇ ಜ್ಯೋತಿಲಕ್ಷ್ಮಿ. ಮೂಲೆಯಲ್ಲಿ ಅಂಟಿಸಿದ ಗಡ್ಡ ಹಾಕಿಕೊಂಡ ಹೀರೋ. ಎಪ್ಪತ್ತರ ದಶಕದಲ್ಲಿ ಇಂಥದ್ದೊಂದು ಡ್ಯಾನ್ಸ್ ಇಲ್ಲದ ಸಿನಿಮಾ ಹಂಚಿಕೆದಾರರಿಗೆ ಬೇಕಿರಲಿಲ್ಲ. ಆಮೇಲಾಮೇಲೆ ಜಾತ್ರೆಯ ಕಂಪನಿ ನಾಟಕಕ್ಕೂ ಬಂತು. ಕಥೆ ಏನಾದರೂ ಇರಲಿ, ನಡುವೆ ಒಂದು ಡ್ಯಾನ್ಸ್. ಬೆಂಗಳೂರಿನಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೆಲವು ರೆಸ್ಟೋರೆಂಟುಗಳ ಮುಂದೆ ಆ ಬೋರ್ಡ್ ಇರುತ್ತಿತ್ತು. ನಾವು ರಸ್ತೆಯ ಆ ಬದಿಯಿಂದ ಬೋರ್ಡ್ ಓದಿಕೊಂಡು ಹೋಗುತ್ತಿದ್ದೆವು. ಒಳಗೆ ಹೋಗುವಷ್ಟು ಸಂಬಳ ಇರಲಿಲ್ಲ, ಧೈರ್ಯವೂ ಇರಲಿಲ್ಲ.

ಆ ಮಾತೇ ಹಾಗೆ ಮಸಿ ಹಿಡಿದುಬಿಟ್ಟಿದೆ. ನೀನು "ಪಾಟ್ಲಕ್ಕಿಗೆ ಹೋಗ್ತೀವಿ" ಅನ್ನಬೇಕಿತ್ತು, ಎಲ್ಲರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣೋದು ಅಂತ.

ಶ್ರುತಿಪೆಟ್ಟಿಗೆ
ನಾನು ಇದರೊಳಗೆ ಒಂದು ಕಾಲಿಟ್ಟಿದ್ದೀನಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೀನಿ, ಬೈಕೋಬೇಡಿ. ಹಗಲು ಆಸ್ಪತ್ರೆಯ ಬಿಲ್ಲಿಂಗ್ ಕೆಲಸ, ಸೋಮವಾರ ರಾತ್ರಿ ಓಪನ್ ಮೈಕ್, ಅಂದರೆ ಯಾರು ಬೇಕಾದರೂ ಹೋಗಿ ಹಾಡಬಹುದಾದ ವೇದಿಕೆ.

ಈ ಮಾತು ಫ್ರೆಂಚರದ್ದು. ಪ್ಯಾರಿಸ್ಸಿನ ಮೊಂಮಾರ್ತ್‌ನಲ್ಲಿ 1881ರಲ್ಲಿ ಷಾ ನೊಆರ್ ಅಂತ ಒಂದು ಜಾಗ ಶುರುವಾಯಿತು. ಕವಿಗಳು, ಹಾಡುಗಾರರು, ಚಿತ್ರ ಬರೆಯುವವರು ಕುಡಿಯುತ್ತಾ ತಮ್ಮ ತಮ್ಮ ಸರಕು ಹೊರಗೆ ತೆಗೆಯುತ್ತಿದ್ದ ಕೋಣೆ. ಎಂಟು ವರ್ಷಕ್ಕೆ ಅದೇ ಊರಲ್ಲಿ ಮೂಲಾಂ ರೂಜ್ ಬಂತು. ಅಲ್ಲಿ ಕಾಲೆತ್ತಿ ಕುಣಿಯುವ ಕ್ಯಾನ್‌ಕ್ಯಾನ್. ನಮ್ಮ ಸಿನಿಮಾದವರು ಎತ್ತಿಕೊಂಡಿದ್ದು ಎರಡನೆಯದನ್ನು. ನ್ಯೂಯಾರ್ಕಿನವರು ಹಿಡಿದುಕೊಂಡಿದ್ದು ಮೊದಲನೆಯದನ್ನು, ಅಂದರೆ ಚಿಕ್ಕ ಕೋಣೆ ಮತ್ತು ಮಾತು. ಪೂರ್ತಿ ಹಾಗೇ ಅಂತಲ್ಲ, ಇಲ್ಲೂ ಗರಿ-ಮಿಂಚಿನ ಬರ್ಲೆಸ್ಕ್ ಬೇರೆ ಇದೆ, ಆದರೆ ಇಲ್ಲಿನ ನಾಟಕದವರ ಬಾಯಲ್ಲಿ ಕ್ಯಾಬರೆ ಅಂದರೆ ಜವಾರಿಯವರು ನೋಡಿದ್ದೇ.

ನಿಮ್ಮ ಅಮ್ಮನಿಗೆ ಹೇಳಿ, ಇದು ಹರಿಕಥೆ ಥರ ಅಂತ. ತಮಾಷೆ ಅಲ್ಲ. ಗುರುರಾಜುಲು ನಾಯ್ಡು ಅವರ ಕ್ಯಾಸೆಟ್ ಕೇಳಿದ್ದೀರಲ್ಲ? ಹಾಡು ನಿಲ್ಲಿಸಿ ಒಂದು ಉಪಕಥೆ, ಒಂದು ಮನೆಮಾತು, ಎಲ್ಲರೂ ನಕ್ಕು ಮುಗಿಸುವಷ್ಟರಲ್ಲಿ ಮತ್ತೆ ಹಾಡಿಗೆ ಬಂದುಬಿಡುತ್ತಾರೆ. ಆಗ ಅದೇ ಸಾಲು ಬೇರೆ ಥರ ಕೇಳಿಸುತ್ತೆ. ಇಲ್ಲಿ ಆ ನಡುವಿನ ಮಾತಿಗೆ ಪ್ಯಾಟರ್ ಅಂತಾರೆ. ಹೊಸಬರು ಸೋಲುವುದು ಹಾಡಲ್ಲ, ಪ್ಯಾಟರಲ್ಲಿ. ಹರಿಕಥೆಯಲ್ಲಿ ದೇವರ ಕಥೆ, ಇಲ್ಲಿ ಅವರವರ ಕಥೆ. ನಾಟಕದಲ್ಲಾದರೆ ನಟಿ ಪಾತ್ರದ ಹಿಂದೆ ನಿಂತಿರುತ್ತಾಳೆ. ಇಲ್ಲಿ ಪಾತ್ರ ಇಲ್ಲ, ಮೂರು ಅಡಿ ದೂರದಲ್ಲಿ ನೀವು ಅನ್ನ ನುಂಗುತ್ತಾ ಅವಳ ಮುಖ ನೋಡುತ್ತಿರುತ್ತೀರಿ.

ಇದರ ದೊಡ್ಡಮ್ಮ ಅಂದರೆ ಮೇಬೆಲ್ ಮರ್ಸರ್. ಇಂಗ್ಲೆಂಡಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಹಾಡಿ, ಯುದ್ಧದ ಹೊತ್ತಿಗೆ ಇತ್ತ ಬಂದವರು. ವಯಸ್ಸಾದ ಮೇಲೆ ಒಂದು ಕುರ್ಚಿಯಲ್ಲಿ ನೆಟ್ಟಗೆ ಕೂತು, ಮಡಿಲಲ್ಲಿ ಕೈ ಇಟ್ಟುಕೊಂಡು ಹಾಡುತ್ತಿದ್ದರು. ಮಾತನ್ನು ಎಲ್ಲಿ ಮುರಿಯಬೇಕು, ಎಲ್ಲಿ ಉಸಿರು ಬಿಡಬೇಕು ಅನ್ನುವುದನ್ನು ಕಲಿಯಲು ಫ್ರಾಂಕ್ ಸಿನಾತ್ರಾ ಅಂಥ ಹೆಸರಾಂತ ಗಾಯಕರೇ ಅವರ ಮುಂದೆ ಬಂದು ಕೂರುತ್ತಿದ್ದರು. ಅವರ ಹೆಸರಿನ ಪ್ರತಿಷ್ಠಾನ 1989ರಿಂದ ಇಲ್ಲಿ ಕ್ಯಾಬರೆ ಸಮಾವೇಶ ನಡೆಸುತ್ತಾ ಬಂದಿದೆ.

ಕ್ವೀನ್ಸ್_ಕೊಟ್ರೇಶಿ
ಎಲ್ಲ ಸರಿ ಮೇಡಂ, ಬಿಲ್ ಬಗ್ಗೆ ಯಾರೂ ಮಾತಾಡ್ತಿಲ್ಲ ಯಾಕೆ?

ನಾನೂ ಹೋಗಿದ್ದೆ ಒಂದು ಕಡೆ, ಹೆಸರು ಬೇಡ. ಟಿಕೆಟ್ 30 ಡಾಲರ್ ಅಂತ ನೋಡಿ ಖುಷಿಯಾಗಿ ಇಬ್ಬರಿಗೆ ತಗೊಂಡೆ. ಒಳಗೆ ಕೂತ ಮೇಲೆ ಗೊತ್ತಾಯಿತು, ಒಬ್ಬೊಬ್ಬರೂ ಇಂತಿಷ್ಟು ಡಾಲರಿನ ತಿಂಡಿ-ಕುಡಿತ ತಗೊಳ್ಳಲೇಬೇಕು ಅಂತ. ನಾನು ಕುಡಿಯಲ್ಲ, ಇವಳು ಮಾಂಸ ತಿನ್ನಲ್ಲ. ಮೆನುವಿನಲ್ಲಿ ಅವಳಿಗೆ ಸಿಕ್ಕಿದ್ದು ಆಲೂಗಡ್ಡೆ ಫ್ರೈ ಮತ್ತು ಸೊಪ್ಪು. ಎರಡೆರಡು ಪ್ಲೇಟ್ ಫ್ರೈ ತರಿಸಿದರೂ ಲೆಕ್ಕ ತುಂಬಲಿಲ್ಲ. ಅದರ ಮೇಲೆ ಟ್ಯಾಕ್ಸ್, ಟಿಪ್ಸು, ಬುಕಿಂಗ್ ಫೀ. 60 ಅಂದುಕೊಂಡಿದ್ದು 170 ದಾಟಿತು. ಹಾಡಿದವನು ತನ್ನ ಡೈವೋರ್ಸ್ ಕಥೆ ಹೇಳುತ್ತಿದ್ದ, ನನಗೆ ಅವನಿಗಿಂತ ಜಾಸ್ತಿ ದುಃಖ ಆಯಿತು.

ಜರ್ಸಿ_ಜವಾರಿ
ಕೊಟ್ರೇಶಣ್ಣ 😂 ನಮಗೂ ಹಾಗೇ ಆಯಿತು, ನಾನು ಸುಮ್ನೆ ಬರೆದಿರಲಿಲ್ಲ. ಟನಲ್ ಟೋಲ್, ಪಾರ್ಕಿಂಗ್ ಸೇರಿಸಿದರೆ ಹೆಂಡತಿ ಇನ್ನೊಂದು ಸಲ ಬರಲ್ಲ ಅಂತ ಹೆದರಿ ಲೆಕ್ಕವನ್ನೇ ಹಾಕಿಲ್ಲ.

ಶ್ರುತಿಪೆಟ್ಟಿಗೆ
ಒಪ್ಪುತ್ತೀನಿ. ಆದರೆ ಅಗ್ಗದಲ್ಲೂ ದಾರಿ ಇದೆ. 46ನೇ ಬೀದಿಯಲ್ಲಿ ಡೋಂಟ್ ಟೆಲ್ ಮಾಮಾ ಅಂತ ಇದೆ, 1982ರಿಂದ ನಡೆಯುತ್ತಿದೆ (ನಿಮ್ಮ ಪರಿಸ್ಥಿತಿಗೆ ಹೆಸರು ಎಷ್ಟು ಸರಿ ಹೊಂದುತ್ತೆ ನೋಡಿ ಜವಾರಿಯವರೇ). ಒಳಗಿನ ಕೋಣೆಗಳಲ್ಲಿ ಟಿಕೆಟ್ ಶೋ. ಮುಂದಿನ ಭಾಗ ಪಿಯಾನೋ ಬಾರ್. ಅಲ್ಲಿ ಗ್ಲಾಸ್ ತಂದಿಡುವ ಹುಡುಗಿಯೇ ಟ್ರೇ ಕೆಳಗಿಟ್ಟು ಹಾಡಲು ನಿಲ್ಲುತ್ತಾಳೆ, ಕೇಳಿದರೆ ಬೆನ್ನು ಹುರಿ ನೆಟ್ಟಗಾಗುತ್ತೆ. ಎಲ್ಲರೂ ಬ್ರಾಡ್‌ವೇ ಆಡಿಷನ್ನಿಗೆ ಕಾಯುತ್ತಿರುವವರೇ.

ಗ್ರೋವ್ ಬೀದಿಯ ಮೇರೀಸ್ ಕ್ರೈಸಿಸ್ ಇನ್ನೂ ಸಲೀಸು. ನೆಲಮಾಳಿಗೆ, ಒಂದು ಪಿಯಾನೋ, ಸುತ್ತ ನಿಂತವರೆಲ್ಲ ನಾಟಕದ ಹಾಡುಗಳನ್ನು ಒಟ್ಟಿಗೆ ಹಾಡುವುದು. ಭಜನೆ ಮನೆ ಅಂದುಕೊಳ್ಳಿ. ಅಮೆರಿಕದ ಸ್ವಾತಂತ್ರ್ಯದ ಪರ ಬರೆದ ಥಾಮಸ್ ಪೇನ್ 1809ರಲ್ಲಿ ತೀರಿಕೊಂಡಿದ್ದು ಇದೇ ಜಾಗದಲ್ಲಿದ್ದ ಮನೆಯಲ್ಲಿ. ಹೆಸರಿನ ಕ್ರೈಸಿಸ್ ಅವನ ಬರಹದ್ದು. ಇನ್ನು ಬರ್ಡ್‌ಲ್ಯಾಂಡ್ ಅನ್ನುವ ಜಾಝ್ ಕ್ಲಬ್ಬಿನಲ್ಲಿ ಸೋಮವಾರ ರಾತ್ರಿ ಜಿಮ್ ಕರೂಸೋ ನಡೆಸುವ ಓಪನ್ ಮೈಕ್ 2003ರಿಂದ ಇದೆ. ಸೋಮವಾರ ಬ್ರಾಡ್‌ವೇಗೆ ಹೆಚ್ಚುಕಡಿಮೆ ರಜೆ, ಹಾಗಾಗಿ ದೊಡ್ಡ ನಾಟಕದವರೂ ಸುಮ್ನೆ ಬಂದು ಒಂದು ಹಾಡು ಹಾಡಿ ಹೋಗುತ್ತಾರೆ.

ಕರಿಕೋಟು
ವಕೀಲಿ ಮಾಡುವವನು, ಕಾನೂನಿನ ಕಡೆಯಿಂದ ಒಂದು ಮಾತು. ಕ್ಯಾಬರೆ ಅನ್ನುವ ಪದಕ್ಕೆ ಮಸಿ ಬಳಿದವರು ನಮ್ಮ ಸಿನಿಮಾದವರೊಬ್ಬರೇ ಅಲ್ಲ. ನ್ಯೂಯಾರ್ಕ್ ನಗರ 1926ರಲ್ಲೇ ಕ್ಯಾಬರೆ ಕಾನೂನು ಮಾಡಿತು. ತಿನ್ನಲು ಕುಡಿಯಲು ಕೊಡುವ ಜಾಗದಲ್ಲಿ ಸಂಗೀತ, ಕುಣಿತ ನಡೆಸಬೇಕಾದರೆ ಲೈಸೆನ್ಸ್ ಬೇಕು ಅಂತ. 1940ರಿಂದ ಅಲ್ಲಿ ಕೆಲಸ ಮಾಡುವವರಿಗೂ ಕಾರ್ಡ್ ಬಂತು. ಹಾಡುವವರಿಂದ ಹಿಡಿದು ಬಡಿಸುವವರ ತನಕ ಬೆರಳಚ್ಚು ಕೊಟ್ಟು ಕಾರ್ಡ್ ತಗೋಬೇಕು. ಪೊಲೀಸರು ಅದನ್ನು ಕಿತ್ತುಕೊಂಡರೆ ಊಟಕ್ಕೆ ದಾರಿ ಇಲ್ಲ.

ಜಾಝ್ ಗಾಯಕಿ ಬಿಲ್ಲಿ ಹಾಲಿಡೇ 1947ರಲ್ಲಿ ಡ್ರಗ್ಸ್ ಕೇಸಿನಲ್ಲಿ ಜೈಲಿಗೆ ಹೋದರು, ಕಾರ್ಡೂ ಹೋಯಿತು. ಬಿಡುಗಡೆಯಾಗಿ ಬಂದು 1948ರಲ್ಲಿ ಕಾರ್ನೆಗಿ ಹಾಲಿನಲ್ಲಿ ಹಾಡಿದರು, ಹಾಲ್ ತುಂಬಿ ತುಳುಕಿತು. ಅಂಥ ಗಾಯಕಿ ಎರಡು ಬೀದಿ ಆಚೆ ಒಂದು ಬಾರಿನಲ್ಲಿ ನಿಂತು ಹಾಡುವ ಹಾಗಿಲ್ಲ! ಜಾಝ್ ಪಿಯಾನೋದ ಥೆಲೋನಿಯಸ್ ಮಂಕ್ ಅವರ ಕಾರ್ಡ್ 1951ರಲ್ಲಿ ಹೋಗಿದ್ದು ಸಿಕ್ಕಿದ್ದು 1957ಕ್ಕೆ. ಆರು ವರ್ಷ ತನ್ನದೇ ಊರಿನ ಕ್ಲಬ್ಬುಗಳಲ್ಲಿ ರಾಜಾರೋಷವಾಗಿ ನುಡಿಸುವ ಹಾಗಿರಲಿಲ್ಲ. ಸಿನಾತ್ರಾ ಇಂಥ ತಪಾಸಣೆಗೆ ಒಪ್ಪಲ್ಲ ಅಂತ ಹಟ ಹಿಡಿದು ಕಾರ್ಡನ್ನೇ ಕೇಳಲಿಲ್ಲ, ಅವರಿಗೆ ನಡೆಯುತ್ತಿತ್ತು ಬಿಡಿ. ಕಾರ್ಡ್ ರದ್ದಾಗಿದ್ದು 1967ರಲ್ಲಿ. ಕುಣಿತಕ್ಕೆ ಲೈಸೆನ್ಸ್ ಅನ್ನುವುದು ಮಾತ್ರ 2017ರ ತನಕ ಉಳಿದಿತ್ತು.

ಇನ್ನೊಂದು ತಮಾಷೆ. ಆಗ ಲೈಸೆನ್ಸ್ ಇಲ್ಲದ ರೆಸ್ಟೋರೆಂಟಿನಲ್ಲಿ ಮೂರು ಜನ ನುಡಿಸಬಹುದಿತ್ತು, ಅದೂ ಪಿಯಾನೋ, ತಂತಿವಾದ್ಯ ಇಂಥವು ಮಾತ್ರ. ತುತ್ತೂರಿ, ಡ್ರಮ್ಸ್ ಇದ್ದರೆ ತಪ್ಪು. 1988ಕ್ಕೆ ಕೋರ್ಟ್ ಅದನ್ನು ಪೂರ್ತಿ ಹೊಡೆದುಹಾಕಿತು. ಒಬ್ಬ ಹಾಡುಗಾರ್ತಿ, ಒಂದು ಪಿಯಾನೋ ಅನ್ನುವ ಶೈಲಿ ಉಳಿದುಕೊಂಡಿದ್ದಕ್ಕೆ ಕಲೆಯ ಜೊತೆ ಈ ರೂಲ್ಸೂ ಒಂದು ಕಾರಣ ಅಂತ ನನ್ನ ಲೆಕ್ಕ.

ನಮ್ಮ ಬೆಂಗಳೂರೂ ಕಡಿಮೆ ಇಲ್ಲ. ನಗರ ಪೊಲೀಸರ 2005ರ ಆದೇಶದಲ್ಲಿ ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೋ ಮೂರನ್ನೂ ಒಂದೇ ಕಂತೆ ಕಟ್ಟಿ ಲೈಸೆನ್ಸ್ ಬೇಕು ಅಂದರು. ರೆಸ್ಟೋರೆಂಟಿನವರು ಸುಪ್ರೀಂ ಕೋರ್ಟ್ ತನಕ ಹೋದರು. 2018ರ ಜನವರಿಯಲ್ಲಿ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ನಮ್ಮದು ಕ್ಯಾಬರೆ ಅಲ್ಲ, ಬರೀ ಹಾಡು ಅಂದರೂ ನಡೆಯಲಿಲ್ಲ.

ಹಳೇ_ಮೆಜೆಸ್ಟಿಕ್
ವಕೀಲರೇ, ಬೆಂಗಳೂರಿನ ಲೈವ್ ಬ್ಯಾಂಡ್ ಕಥೆಯನ್ನು ಬಿಲ್ಲಿ ಹಾಲಿಡೇ ಪಕ್ಕ ಇಡಬೇಡಿ. ಅಲ್ಲಿ ಏನೇನು ನಡೀತಿತ್ತು ಅಂತ ನಮಗೂ ಗೊತ್ತು, ನಿಮಗೂ ಗೊತ್ತು.

ಕರಿಕೋಟು
ಸರ್, 1926ರಲ್ಲಿ ನ್ಯೂಯಾರ್ಕಿನ ದೊಡ್ಡವರೂ ಕರಿಯರ ಬಡಾವಣೆ ಹಾರ್ಲೆಮ್ ಕಡೆ ಕೈ ತೋರಿಸಿ ಇದೇ ಮಾತು ಹೇಳಿದ್ದು. ಅಲ್ಲಿ ಕರಿಯರೂ ಬಿಳಿಯರೂ ಒಂದೇ ನೆಲದ ಮೇಲೆ ಕುಣಿಯುತ್ತಾರೆ ಅನ್ನುವುದೇ ಹೊಟ್ಟೆಯುರಿ. ಎರಡೂ ಒಂದೇ ಅಂತ ನಾನು ಹೇಳಲ್ಲ. ಶೋಷಣೆ ಇದ್ದರೆ ಶೋಷಣೆ ಮಾಡಿದವನ ಮೇಲೆ ಕೇಸು ಹಾಕಲಿ. ಲೈಸೆನ್ಸ್ ಬಿಗಿ ಮಾಡಿದಾಗ ಮೊದಲು ಕೆಲಸ ಹೋಗಿದ್ದು ಹಾಡುವ ಹೆಣ್ಣುಮಕ್ಕಳದ್ದೇ, ಮಾಲೀಕ ಬೇರೆ ಧಂದೆ ಹಿಡಿದ.

ಹಳೇ_ಮೆಜೆಸ್ಟಿಕ್
ಹ್ಞೂಂ. ಈ ಮಾತು ಒಪ್ಪಿದೆ.

ಶ್ರುತಿಪೆಟ್ಟಿಗೆ
ಹಾರ್ಲೆಮ್ ಮಾತು ಬಂದಿದ್ದಕ್ಕೆ ಹೇಳುತ್ತೀನಿ. ಹಾಲಿಡೇ ಹೆಸರು ಮಾಡಿದ ಜಾಗಗಳಲ್ಲಿ ಒಂದು ಕೆಫೆ ಸೊಸೈಟಿ, 1938ರಲ್ಲಿ ಷೆರಿಡನ್ ಸ್ಕ್ವೇರಿನಲ್ಲಿ ಬಾರ್ನಿ ಜೋಸೆಫ್‌ಸನ್ ಶುರು ಮಾಡಿದ್ದು. ವೇದಿಕೆ ಮೇಲೂ ಮೇಜಿನಲ್ಲೂ ಬಣ್ಣ ನೋಡದೆ ಕೂರಿಸುತ್ತಿದ್ದ ಕ್ಲಬ್, ಆಗ ಅದು ದೊಡ್ಡ ಸಂಗತಿ. ಕರಿಯರನ್ನು ಹೊಡೆದು ಮರಕ್ಕೆ ನೇಣು ಹಾಕುತ್ತಿದ್ದುದರ ಮೇಲಿನ ಹಾಡನ್ನು ಹಾಲಿಡೇ ಹಾಡಿದ್ದು ಅಲ್ಲೇ, 1939ರಲ್ಲಿ. ಆ ಹಾಡು ಶುರುವಾದರೆ ಬಡಿಸುವುದು ನಿಲ್ಲುತ್ತಿತ್ತು. ದೀಪ ಎಲ್ಲ ಆರಿಸಿ ಮುಖದ ಮೇಲೆ ಒಂದೇ ಬೆಳಕು. ಮುಗಿದ ಮೇಲೆ ಎಷ್ಟು ಚಪ್ಪಾಳೆ ತಟ್ಟಿದರೂ ವಾಪಸ್ ಬರುತ್ತಿರಲಿಲ್ಲ. ದೊಡ್ಡ ಹಾಲಿನಲ್ಲಿ ಆ ಹಾಡನ್ನು ಕೇಳಿ ಮರೆತು ಮನೆಗೆ ಹೋಗಬಹುದು. ಗ್ಲಾಸ್ ಕೈಯಲ್ಲಿ ಹಿಡಿದು ಎಂಟು ಅಡಿ ದೂರದಲ್ಲಿ ಕೂತವನು ಎಲ್ಲಿಗೆ ಮುಖ ತಿರುಗಿಸುತ್ತಾನೆ ಹೇಳಿ.

ಟಿಕೆಟ್_ರಾಯ
ಕಾರ್ಲೈಲ್ ಬಗ್ಗೆ ಯಾರೂ ಹೇಳಲಿಲ್ಲ. 76ನೇ ಬೀದಿ, ಮ್ಯಾಡಿಸನ್ ಅವೆನ್ಯೂ. ಹೋಟೆಲ್ಲಿನೊಳಗೆ ಕೆಫೆ ಕಾರ್ಲೈಲ್, ಗೋಡೆ ತುಂಬ ಮಾರ್ಸೆಲ್ ವೆರ್ಟೆಸ್ ಬರೆದ ಚಿತ್ರಗಳು. ಬಾಬಿ ಷಾರ್ಟ್ ಅನ್ನುವವರು 1968ರಲ್ಲಿ ಅಲ್ಲಿ ಪಿಯಾನೋ ಮುಂದೆ ಕೂತರು, ಎದ್ದಿದ್ದು 2004ಕ್ಕೆ. ಮೂವತ್ತಾರು ವರ್ಷ ಒಂದೇ ಕೋಣೆ! ಮರುವರ್ಷ ತೀರಿಕೊಂಡರು. ಗಾಯಕಿ ಅರ್ಥಾ ಕಿಟ್ ಕೂಡ ಎಂಬತ್ತು ಹತ್ತಿರದ ವಯಸ್ಸಿನಲ್ಲಿ ಅಲ್ಲಿ ಹಾಡಿದ್ದಾರೆ. ದುಡ್ಡಿನ ವಿಷಯ ಕೇಳಬೇಡಿ, ಕೊಟ್ರೇಶಿಯವರು ಓದಿದರೆ ಬಿಪಿ ಏರುತ್ತೆ.

ಆಲ್ಗಾಂಕ್ವಿನ್ ಹೋಟೆಲ್ಲಿನ ಓಕ್ ರೂಮ್ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದೆ. ಹ್ಯಾರಿ ಕಾನಿಕ್ ಜೂನಿಯರ್, ಡಯಾನಾ ಕ್ರಾಲ್ ಎಲ್ಲ ಹೆಸರಾಗುವ ಮೊದಲು ಹಾಡಿದ ಕೋಣೆ. ಸಿಲ್ವಿಯಾ ಸಿಮ್ಸ್ ಅನ್ನುವ ಗಾಯಕಿ 1992ರಲ್ಲಿ ಅಲ್ಲೇ ವೇದಿಕೆ ಮೇಲೆ ಕುಸಿದು ಪ್ರಾಣ ಬಿಟ್ಟರು. 2012ರಲ್ಲಿ ಹೋಟೆಲ್ ರಿಪೇರಿಗೆ ಮುಚ್ಚಿತು, ಮತ್ತೆ ತೆರೆದಾಗ ಆ ಕೋಣೆಯಲ್ಲಿ ಕ್ಯಾಬರೆ ಇರಲಿಲ್ಲ. ಫಿಫ್ಟಿಫೋರ್ ಬಿಲೋ ಶುರುವಾಗಿದ್ದೂ ಅದೇ ವರ್ಷ. ಅದೂ 2023ರಲ್ಲಿ ಲಾಭರಹಿತ ಸಂಸ್ಥೆ ಆಯಿತು. ಅಷ್ಟು ಟಿಕೆಟ್, ಅಷ್ಟು ಫ್ರೈ ಮಾರಿದರೂ ದೇಣಿಗೆ ಬೇಕು ಅಂದರೆ ಈ ವ್ಯಾಪಾರ ಎಂಥದ್ದು ಲೆಕ್ಕ ಹಾಕಿ.

ಕ್ವೀನ್ಸ್_ಕೊಟ್ರೇಶಿ
ಹಾಗಾದರೆ ನನ್ನ 170 ಡಾಲರ್ ಯಾರ ಹೊಟ್ಟೆ ಸೇರಿತು? ಹಾಡಿದವನಿಗಾದರೂ ಸಿಕ್ಕಿತಾ?

ಶ್ರುತಿಪೆಟ್ಟಿಗೆ
ಸಿಕ್ಕಿರಲ್ಲ. ನನ್ನದೇ ಲೆಕ್ಕ ಹೇಳುತ್ತೀನಿ ಕೇಳಿ. ಎರಡು ವರ್ಷದ ಹಿಂದೆ ನಲವತ್ತು ಸೀಟಿನ ಒಂದು ಕೋಣೆಯಲ್ಲಿ ನನ್ನದೇ ಒಂದು ಶೋ ಮಾಡಿದೆ. ಊಟ-ಕುಡಿತದ ದುಡ್ಡು ಪೂರ್ತಿ ಕೋಣೆಯವರದ್ದು. ಟಿಕೆಟ್ಟಿನಲ್ಲಿ ಒಂದು ಪಾಲು ನನಗೆ. ಆ ಪಾಲಿನಲ್ಲಿ ಪಿಯಾನೋದವರಿಗೆ ಕೊಡಬೇಕು. ಅವರು ಬರೀ ನುಡಿಸುವವರಲ್ಲ, ಹಾಡು ಜೋಡಿಸಿ, ಶ್ರುತಿ ಬದಲಿಸಿ, ನನ್ನ ಉಸಿರು ಎಲ್ಲಿ ಸಾಲಲ್ಲ ಅಂತ ನನಗಿಂತ ಮೊದಲು ತಿಳಿದುಕೊಳ್ಳುವವರು. ರಿಹರ್ಸಲ್ಲಿಗೆ ಬೇರೆ ದುಡ್ಡು. ಬಾಸ್ ನುಡಿಸಿದವರಿಗೆ ಬೇರೆ. ಪೋಸ್ಟರ್, ವಿಡಿಯೋ ಬೇರೆ. ಸೀಟು ತುಂಬಿಸುವುದೂ ನನ್ನದೇ ಕೆಲಸ. ಆಫೀಸಿನವರು, ಕನ್ನಡ ಕೂಟದವರು, ಮಗಳ ಸ್ಕೂಲಿನ ಅಮ್ಮಂದಿರು, ಎಲ್ಲರಿಗೂ ಮದುವೆ ಕರೆಯೋಲೆ ಹಂಚಿದ ಹಾಗೆ ಮೆಸೇಜ್ ಹಾಕಿದೆ. ಮೂವತ್ತೊಂದು ಜನ ಬಂದರು. ಎಲ್ಲ ಕಳೆದು ಕೈಯಿಂದ 640 ಡಾಲರ್ ಹೋಯಿತು.

ಬ್ರಾಡ್‌ವೇ ಹೆಸರಿದ್ದವರಿಗೆ ಲೆಕ್ಕ ಬೇರೆ ಇರಬಹುದು. ನಮ್ಮಂಥವರದ್ದು ಬಹುಪಾಲು ಹೀಗೇ. ಆದರೂ ಯಾಕೆ ಮಾಡುತ್ತೀರಿ ಅಂತ ಗಂಡ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ, ಮುಂದಿನ ಶೋಗೆ ಹಾಡು ಹುಡುಕುತ್ತಿದ್ದೆ.

ಟಿಕೆಟ್_ರಾಯ
ಕರ್ನಾಟಕ ಸಂಗೀತ ಕಲಿತವರಾ ನೀವು? ಅಲ್ಲಿಂದ ಇಲ್ಲಿಗೆ ಹೇಗೆ?

ಶ್ರುತಿಪೆಟ್ಟಿಗೆ
ಸೀನಿಯರ್ ಪರೀಕ್ಷೆ ತನಕ ಮೈಸೂರಲ್ಲಿ. ಮೊದಲ ಓಪನ್ ಮೈಕ್‌ನಲ್ಲಿ ಪಿಯಾನೋದವರು "ಯಾವ ಕೀ?" ಅಂದರು. ನಾನು ಗಂಭೀರವಾಗಿ "ಐದೂವರೆ" ಅಂದೆ. ಅವರು ಹತ್ತು ಸೆಕೆಂಡ್ ನನ್ನ ಮುಖ ನೋಡಿದರು. ನಮ್ಮ ಶ್ರುತಿಯ ಐದೂವರೆ ಮನೆ ಅಂದರೆ ಅವರ ಜಿ ಶಾರ್ಪ್ ಅಂತ ತಿಳಿಯೋಕೆ ನನಗೆ ಒಂದು ವಾರ ಬೇಕಾಯಿತು. ಈಗ ಬರೆದುಕೊಂಡೇ ಹೋಗುತ್ತೀನಿ. ಗಮಕ ಮಾತ್ರ ಬಿಡಲು ಬಹಳ ಕಷ್ಟ ಆಯಿತು, ಪ್ರತಿ ಸಾಲಿನ ಕೊನೆಗೂ ಗಂಟಲು ತಾನಾಗಿಯೇ ಅಲುಗಾಡುತ್ತಿತ್ತು. ಒಬ್ಬರು ಬಂದು "ನೀವು ಅಳ್ತಿದ್ರಾ?" ಅಂತ ಕೇಳಿದ್ದರು.

ಕರಿಕೋಟು
ಇದೇ ಥರ ಕನ್ನಡದಲ್ಲಿ ಮಾಡಬಾರದಾ? ಚಿಕ್ಕ ಕೋಣೆ, ಹಾರ್ಮೋನಿಯಂ, ಭಾವಗೀತೆ, ನಡುವೆ ನಿಮ್ಮ ಮಾತು. ನಾನಂತೂ ಬರುತ್ತೀನಿ.

ಹಳೇ_ಮೆಜೆಸ್ಟಿಕ್
ಬೇಂದ್ರೆ ಹಾಡು ನಡೆಯುತ್ತಿರುವಾಗ ಪಕ್ಕದ ಮೇಜಿನಲ್ಲಿ ಗ್ಲಾಸ್ ಟಣ್ ಅಂದರೆ ನನಗಾಗಲ್ಲಪ್ಪ. ಕಾಫಿ ಲೋಟ ಆದರೆ ಪರವಾಗಿಲ್ಲ.

ಕ್ವೀನ್ಸ್_ಕೊಟ್ರೇಶಿ
ಮಿರ್ಚಿ ಮಂಡಕ್ಕಿ ಇಡಿ. ಕಡ್ಡಾಯ ಅಂದರೂ ತಿಂತೀನಿ, ಬಿಲ್ಲಿಗೆ ಬೇಜಾರಿಲ್ಲ.

ಶ್ರುತಿಪೆಟ್ಟಿಗೆ
ನಗಬೇಡಿ, ಯೋಚನೆ ಇದೆ. ಆದರೆ ಕನ್ನಡದವರ ಮುಂದೆ ನನ್ನ ಕಥೆ ಹೇಳೋದು ಕಷ್ಟ. ಗುರುತಿಲ್ಲದವರ ಮುಂದೆ ನನ್ನ ತವರಿನ ಜಗಳ ಹೇಳಬಹುದು. ನಿಮ್ಮ ಮುಂದೆ ಹೇಳಿದರೆ ಅದು ಬೆಳಗಾಗುವಷ್ಟರಲ್ಲಿ ತವರಿಗೇ ಮುಟ್ಟಿರುತ್ತೆ.

ಜರ್ಸಿ_ಜವಾರಿ
ತಡವಾಗಿ ಬಂದೆ, ಎಲ್ಲ ಓದಿದೆ. ನಿನ್ನೆ ಅಮ್ಮನಿಗೆ ಮತ್ತೆ ಫೋನ್ ಮಾಡಿದೆ. ಹರಿಕಥೆ ಹೋಲಿಕೆ ಮೊದಲೇ ಬಳಸಿದೆ, ಸುಮಾರಾಗಿ ಕೆಲಸ ಮಾಡಿತು. "ಹರಿಕಥೆಗೆ ಹೆಂಡ ಯಾಕೆ?" ಅಂತ ಮಾತ್ರ ಕೇಳಿದರು. ಆಮೇಲೆ ಆ ಹೆಂಗಸಿನ ಕಥೆ ಹೇಳಿದೆ. ಹಿಂದಿನ ಸಾಲಿನಲ್ಲಿ ಇಪ್ಪತ್ತು ವರ್ಷ ನಿಂತಿದ್ದು, ಪಾತ್ರ ಪೂರ್ತಿ ಬಾಯಿಪಾಠ ಮಾಡಿಕೊಂಡು ದಿನಾ ಸಂಜೆ ಕಾದಿದ್ದು, ಒಂದು ದಿನವೂ ಕರೆ ಬರದೇ ಇದ್ದಿದ್ದು.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಲ್ಲ ಕಣೋ, ಆ ಇನ್ನೊಬ್ಬಳಿಗೆ ಒಂದೇ ಒಂದು ದಿನ ಜ್ವರ ಬಂದಿದ್ದರೆ ಏನಾಗುತ್ತಿತ್ತು?" ಅಂದರು.

ಜೂನ್‌ನಲ್ಲಿ ಬರುತ್ತಿದ್ದಾರೆ. ಆಕೆಯ ಮುಂದಿನ ಶೋ ಇದ್ದರೆ ನಾಲ್ಕು ಟಿಕೆಟ್ ತಗೋಬೇಕು, ಅಪ್ಪನೂ ಬರ್ತಾರಂತೆ. ಶ್ರುತಿಪೆಟ್ಟಿಗೆ ಮೇಡಂ, ಅಲ್ಲಿ ಸೊಪ್ಪು, ಫ್ರೈ ಬಿಟ್ಟು ಬೇರೇನಾದರೂ ವೆಜ್ ಸಿಗುತ್ತಾ ಅಂತ ಸ್ವಲ್ಪ ವಿಚಾರಿಸ್ತೀರಾ?